ಹೊಸೆದ ಹಗ್ಗ, ಹಬ್ಬಿದ ಬಳ್ಳಿ

ಇಂಗ್ಲಿಷಿನಲ್ಲಿ 'ಟ್ವೈನ್' ಎಂಬ ಕ್ರಿಯಾಪದವೊಂದಿದೆ. ಎಳೆಗಳನ್ನು ಕೂಡಿಸಿ ತಿರುಚುವುದಕ್ಕೂ ಬಳ್ಳಿ ಮರವನ್ನು ಸುತ್ತಿಕೊಳ್ಳುವುದಕ್ಕೂ ಅಲ್ಲಿ ಅದೊಂದೇ ಮಾತು. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲಪದಕ್ಕೆ ಜೋಡಿ ಎಳೆಯ ದಾರ ಎಂದು ಅರ್ಥ. 'ಎರಡು' ಎಂಬ ಸಂಖ್ಯೆಯೇ ಅದರ ಬೇರು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ರೈತನಿಗೆ ಈ ಒಂದು ಮಾತು ಸಾಲದು. ತೆಂಗಿನ ನಾರನ್ನೋ ಬೇಲಿಯ ಕತ್ತಾಳೆ ನಾರನ್ನೋ ಅಂಗೈಗಳ ನಡುವೆ ಉಜ್ಜಿ ಎಳೆ ಮಾಡಿದರೆ ಅದು ಹೊಸೆಯುವುದು. ಆ ಎಳೆಗಳನ್ನು ಕೂಡಿಸಿ ತಿರುಚಿದರೆ ಹುರಿ. ಮಂಕರಿಯನ್ನೂ ಜಡೆಯನ್ನೂ ಹೆಣೆಯುತ್ತಾರೆ, ಹೊಸೆಯುವುದಿಲ್ಲ.

ಹುರಿಯ ಗುಟ್ಟು ದಿಕ್ಕಿನಲ್ಲಿದೆ. ಬಿಡಿ ಎಳೆಯನ್ನು ಒಂದು ಕಡೆಗೆ ತಿರುಚಿ, ಕೂಡಿಸುವಾಗ ಅದರ ಎದುರು ದಿಕ್ಕಿಗೆ ತಿರುಚಬೇಕು. ಆಗ ಬಿಚ್ಚಿಕೊಳ್ಳಲು ಹವಣಿಸುವ ಒಂದೊಂದು ಎಳೆಯೂ ಹಗ್ಗವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಎಳೆಗಳ ಈ ಜಗಳವೇ ಹಗ್ಗದ ಬಲ. ಹುರಿ ಬಿಟ್ಟ ಹಗ್ಗ ಎತ್ತು ಕಟ್ಟಲು ಬಾರದು. 'ಹುರಿಗೊಂಡ ಮೈ', 'ಹುರಿದುಂಬಿಸು' ಎನ್ನುವಾಗ ನಾವು ಈ ಕಸುವನ್ನೇ ನೆನೆಯುತ್ತೇವೆ.

ಹಳಗನ್ನಡದಲ್ಲಿ ಇವು ಪೊಸೆ ಮತ್ತು ಪುರಿ. ಪಕಾರ ಹಕಾರವಾಗಿ ಹೊಸೆ, ಹುರಿ ಆದವು. ಆದರೆ 'ಮುಪ್ಪುರಿ' ಎಂಬ ಸಮಾಸದಲ್ಲಿ ಹಳೆಯ ಪಕಾರ ಇಂದಿಗೂ ಉಳಿದುಕೊಂಡಿದೆ. ತಮಿಳರಿಗೆ ಜನಿವಾರವೆಂದರೆ ಮುಪ್ಪುರಿ ನೂಲ್. ಇಂಗ್ಲಿಷರ ದಾರ ಎರಡನ್ನು ಎಣಿಸಿದರೆ ನಮ್ಮದು ಮೂರನ್ನು ಎಣಿಸಿತು!

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಇನ್ನೊಂದು ನಿದರ್ಶನವಿದೆ. 10ನೆಯ ಶತಮಾನದ ಕೊನೆಯ ಭಾಗದಲ್ಲಿ ಚಾವುಂಡರಾಯ ಮಾಡಿಸಿದ ಗೊಮ್ಮಟನ ತೊಡೆ, ತೋಳುಗಳನ್ನು ಮಾಧವಿ ಬಳ್ಳಿ ಬಳಸಿದೆ. ಇಂಗ್ಲಿಷಿನವನು ಇಲ್ಲಿಯೂ ತನ್ನ 'ಟ್ವೈನ್' ಅನ್ನೇ ತರುತ್ತಾನೆ. ಕನ್ನಡಿಗನಾದರೋ ಬಳ್ಳಿ ಹಬ್ಬಿದೆ, ಸುತ್ತಿದೆ ಎಂದಾನೇ ಹೊರತು ಹೊಸೆದಿದೆ ಎನ್ನಲಾರ. ಹೊಸೆಯುವುದಕ್ಕೆ ಕೈ ಬೇಕು.

ಈಗ ಆ ಕೈಗೆ ಕೆಲಸ ಕಡಿಮೆ. ದನ ಕಟ್ಟಲು ಕಣ್ಣಿ, ನೊಗಕ್ಕೆ ಮಿಣಿ, ಮೂಗಿಗೆ ಮೂಗುದಾರ ಎಂದು ಒಂದೊಂದಕ್ಕೂ ಬೇರೆ ಹೆಸರಿತ್ತು. ಅಂಗಡಿಯಿಂದ ತರುವ ನೈಲಾನಿಗೆ ಹಗ್ಗವೆಂಬ ಒಂದೇ ಹೆಸರು ಸಾಕಾಗಿದೆ. 'ಹೊಸೆ' ಎಂಬ ಮಾತು ಮನೆಯೊಳಗೆ ದೀಪದ ಬತ್ತಿಯನ್ನೂ ಗೆಜ್ಜೆವಸ್ತ್ರವನ್ನೂ ಆಶ್ರಯಿಸಿದೆ. ಹೊರಗೆ ಅದು ಹೆಚ್ಚಾಗಿ ಕೇಳಿಬರುವುದು 'ಕವನ ಹೊಸೆಯುವವರು' ಎಂಬ ಕುಹಕದಲ್ಲಿ. ಎತ್ತನ್ನು ಹಿಡಿದು ನಿಲ್ಲಿಸುವಂತೆ ಹಗ್ಗ ಹೊಸೆದವರಿಗೆ ಈ ಹೋಲಿಕೆ ಅಷ್ಟೇನೂ ಹಿಡಿಸಲಾರದು.