ಕೆಲಸವಿಲ್ಲದ ಯಂತ್ರಕ್ಕೆ ಕೆಲಸ ಸಿಕ್ಕಿದ್ದು

1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಇದ್ದದ್ದು ಒಂದು ಖಾಲಿ ಡಬ್ಬಿ. ಆಲ್ಟೇರ್ 8800 ಎಂಬ ಹೊಸ ಕಂಪ್ಯೂಟರಿನ ಮೊದಲ ಮಾದರಿಯನ್ನು ಅಲ್ಬುಕರ್ಕಿಯಿಂದ ನ್ಯೂಯಾರ್ಕಿಗೆ ಪಾರ್ಸೆಲ್ ಮಾಡಿದ್ದರು. ಅದು ದಾರಿಯಲ್ಲೆಲ್ಲೋ ಕಳೆದುಹೋಯಿತು. ಸಂಚಿಕೆ ನಿಲ್ಲಿಸುವಂತಿರಲಿಲ್ಲ. ಮೇಲೆ ಸ್ವಿಚ್ಚು, ದೀಪಗಳಷ್ಟೇ ಕಾಣುವ ಪೆಟ್ಟಿಗೆಯೊಂದರ ಫೋಟೊ ಹಾಕಿ ಮುಗಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವುದು ಹೀಗೇ ಇರಬೇಕು: ಓದುಗರು ಆ ಡಬ್ಬಿಗೇ ದುಡ್ಡು ಕಳಿಸಲು ಸಾಲುಗಟ್ಟಿದರು. ಕಿಟ್ಟಿನ ಬೆಲೆ 397 ಡಾಲರ್. ಅದನ್ನು ತಯಾರಿಸಿದ, ಸಾಲದಲ್ಲಿ ಮುಳುಗಿದ್ದ ಎಡ್ ರಾಬರ್ಟ್ಸ್ ಕೆಲವು ನೂರು ಕಿಟ್ ಹೋದರೆ ಬದುಕಿಕೊಂಡೆ ಎಂದಿದ್ದವರು. ಬೇಡಿಕೆ ಬಂದದ್ದು ಸಾವಿರಗಟ್ಟಲೆ.

ತಿಂಗಳುಗಟ್ಟಲೆ ಕಾದ ಮೇಲೆ ಬಿಡಿಭಾಗಗಳು ಬರುತ್ತಿದ್ದವು. ಕೂತು ಬೆಸುಗೆ ಹಾಕಬೇಕು. ಹಾಕಿದ ಮೇಲೂ ಕೀಬೋರ್ಡಿಲ್ಲ, ಪರದೆಯಿಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಸೊನ್ನೆ, ಒಂದುಗಳನ್ನು ತುಂಬಬೇಕು. ಉತ್ತರವನ್ನು ಕೆಂಪು ದೀಪಗಳ ಸಾಲಿನಲ್ಲಿ ಓದಿಕೊಳ್ಳಬೇಕು. ಕರೆಂಟು ಹೋದರೆ ಎಲ್ಲವೂ ಮೊದಲಿನಿಂದ. ಮೆಮೊರಿ 256 ಬೈಟ್. ಇಂದಿನ ಲೆಕ್ಕದಲ್ಲಿ ಈ ಲೇಖನದ ಮೊದಲ ಎರಡು ವಾಕ್ಯಗಳೂ ಅದರಲ್ಲಿ ಹಿಡಿಸುತ್ತಿರಲಿಲ್ಲ.

ಇಷ್ಟು ಅಗ್ಗಕ್ಕೆ ಇದು ಸಾಧ್ಯವಾದದ್ದು ಇಂಟೆಲ್ಲಿನ 8080 ಚಿಪ್ಪಿನಿಂದ. ಆ ವಂಶದ ಹಿರಿಯ 4004, 1971ರದು. ಬುಸಿಕಾಮ್ ಎಂಬ ಜಪಾನಿ ಕಂಪನಿಯ ಕ್ಯಾಲ್ಕುಲೇಟರಿಗಾಗಿ ಹುಟ್ಟಿದ್ದು. ಒಂದೊಂದು ಕೆಲಸಕ್ಕೂ ಒಂದೊಂದು ಚಿಪ್ ಮಾಡುವ ಬದಲು, ಹೇಳಿದ್ದನ್ನು ಮಾಡುವ ಒಂದೇ ಚಿಪ್ ಸಾಕಲ್ಲ ಎಂದು ಇಂಟೆಲ್ಲಿನ ಎಂಜಿನಿಯರ್ ಟೆಡ್ ಹಾಫ್‌ಗೆ ಹೊಳೆದದ್ದೇ ತಿರುವು.

ಆದರೆ ಇದರಿಂದ ಏನು ಉಪಯೋಗ? ಕೊಂಡವರಿಗೇ ಗೊತ್ತಿರಲಿಲ್ಲ. 1975ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಸೇರಿದ ‘ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್’ ಇಂಥವರದೇ ಕೂಟ. ಮರುತಿಂಗಳ ಸಭೆಗೆ ಸ್ಟೀವ್ ಡಾಂಪಿಯರ್ ತನ್ನ ಆಲ್ಟೇರ್ ಹೊತ್ತು ತಂದ. ಪಕ್ಕದಲ್ಲೊಂದು ಪುಟ್ಟ ರೇಡಿಯೊ ಇಟ್ಟ. ಸ್ವಿಚ್ಚುಗಳಿಂದ ಪ್ರೋಗ್ರಾಮ್ ತುಂಬಿದ್ದೇ ತಡ, ಯಂತ್ರದ ವಿದ್ಯುತ್ ಗದ್ದಲವನ್ನು ಹಿಡಿದ ರೇಡಿಯೊ ಬೀಟಲ್ಸ್ ಹಾಡೊಂದನ್ನು ನುಡಿಸತೊಡಗಿತು. ವೈಯಕ್ತಿಕ ಕಂಪ್ಯೂಟರಿನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಗಳಿಗೆ ಇದು.

ಬಿಲ್ ಗೇಟ್ಸ್, ಪಾಲ್ ಅಲೆನ್ ಆಲ್ಟೇರಿಗಾಗಿ ಬರೆದ ಬೇಸಿಕ್ ಭಾಷೆಯ ಆವೃತ್ತಿ ಬಂದ ಮೇಲೆ ಸ್ವಿಚ್ಚಿನ ಕಾಟ ಬಹುಮಟ್ಟಿಗೆ ತಪ್ಪಿತು. ಅದರ ಕಾಗದದ ಟೇಪೊಂದು ಕ್ಲಬ್ಬಿನವರ ಕೈಸೇರಿ, ಪ್ರತಿಯಿಂದ ಪ್ರತಿಯಾಗಿ ಹಂಚಿಹೋಯಿತು. 1976ರ ಫೆಬ್ರುವರಿಯಲ್ಲಿ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು ಇದು ಕಳ್ಳತನ ಎಂದರು. ಸಾಫ್ಟ್‌ವೇರಿಗೆ ಬೆಲೆ ಕೊಡಬೇಕೆಂಬುದೇ ಆಗ ಅನೇಕರಿಗೆ ಹೊಸ ಮಾತು. ಅದೇ ಕ್ಲಬ್ಬಿನ ಸ್ಟೀವ್ ವಾಜ್ನಿಯಾಕ್ ತಾನು ಕಟ್ಟಿದ ಯಂತ್ರದ ನಕ್ಷೆಯನ್ನು ಕೇಳಿದವರಿಗೆಲ್ಲ ಹಂಚುತ್ತಿದ್ದ. ಅದನ್ನು ಮಾರೋಣ ಎಂದದ್ದು ಗೆಳೆಯ ಸ್ಟೀವ್ ಜಾಬ್ಸ್.

1977ರಲ್ಲಿ ಆಪಲ್ II, ಕಮಡೋರ್ ಪೆಟ್, ಟಿಆರ್‌ಎಸ್-80 ಮೂರೂ ಬಂದವು. ಬೆಸುಗೆ ಬೇಡ, ಅಂಗಡಿಯಿಂದ ತಂದು ಪ್ಲಗ್ ಚುಚ್ಚಿದರಾಯಿತು. ಉಪಯೋಗದ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಅಡುಗೆಯ ರೆಸಿಪಿ ಬರೆದಿಡಬಹುದು ಎಂದು ಜಾಹೀರಾತಿನವರು ಹೇಳುತ್ತಿದ್ದರು, ಪಾಪ.

ಉತ್ತರ ಸಿಕ್ಕಿದ್ದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ತರಗತಿಯಲ್ಲಿ. ಕಪ್ಪುಹಲಗೆಯ ಲೆಕ್ಕದ ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಿದರೆ ಮುಂದಿನದನ್ನೆಲ್ಲ ಅಳಿಸಿ ಬರೆಯಬೇಕಿತ್ತು. ಅದನ್ನು ನೋಡುತ್ತ ಕೂತಿದ್ದ ವಿದ್ಯಾರ್ಥಿ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿ 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಪ್ರೋಗ್ರಾಮ್ ತಂದ. ಒಂದು ಅಂಕಿ ಬದಲಿಸಿದರೆ ಉಳಿದವು ತಾವೇ ಬದಲಾಗುತ್ತಿದ್ದವು. ಅದು ಮೊದಲಿಗೆ ಓಡುತ್ತಿದ್ದದ್ದು ಆಪಲ್ II ಮೇಲೆ ಮಾತ್ರ. ನೂರು ಡಾಲರಿನ ಸಾಫ್ಟ್‌ವೇರಿಗಾಗಿ ಜನ ಸಾವಿರಾರು ಡಾಲರಿನ ಕಂಪ್ಯೂಟರ್ ಕೊಂಡರು.

ಈ ಗಡಿಬಿಡಿಯಿಂದ ಹೊರಗೆ, ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ 1973ರಲ್ಲೇ ಆಲ್ಟೊ ಸಿದ್ಧವಾಗಿತ್ತು. ಮೌಸ್ ಇತ್ತು, ಚಿತ್ರಗಳ ಪರದೆ ಇತ್ತು. ಮಾರುಕಟ್ಟೆಗೆ ಮಾತ್ರ ಬರಲಿಲ್ಲ. 1979ರಲ್ಲಿ ಅದನ್ನು ನೋಡಿ ಹೋದ ಜಾಬ್ಸ್ ಆ ದಾರಿಯಲ್ಲಿ ಮ್ಯಾಕಿಂಟಾಷ್ ತಂದದ್ದು 1984ರಲ್ಲಿ.

ಅಷ್ಟರಲ್ಲಿ ಐಬಿಎಂ ಇಳಿದಿತ್ತು. 1981ರ ಆಗಸ್ಟ್ 12ರಂದು ಬಂದ ಅದರ ಪಿಸಿಯಲ್ಲಿ ಸ್ವಂತದ್ದೆಂಬುದು ಕಡಿಮೆ: ಚಿಪ್ ಇಂಟೆಲ್‌ದು, ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್ ಬೇರೊಬ್ಬರಿಂದ ಕೊಂಡು ತಂದದ್ದು. ಅವಸರಕ್ಕೆ ಸಂತೆಯ ಸಾಮಾನು ಜೋಡಿಸಿದರೆ ಅದೇ ಸಂತೆಗೆ ಬೇರೆಯವರೂ ಹೋಗಬಹುದಲ್ಲ. ಐಬಿಎಮ್ಮಿನದೇ ಆಗಿ ಉಳಿದ ಮುಖ್ಯ ತುಣುಕು ಬಯಾಸ್, ಯಂತ್ರಕ್ಕೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವಿನ ಪ್ರೋಗ್ರಾಮ್. ಅಂಥದ್ದೇ ಯಂತ್ರ ಮಾಡಹೊರಟ ಕಾಂಪ್ಯಾಕ್ ಕಂಪನಿಯವರು ಎರಡು ತಂಡ ಮಾಡಿದರು. ಒಂದು ತಂಡ ಬಯಾಸನ್ನು ಓದಿ ಅದು ಏನೇನು ಮಾಡುತ್ತದೆಂದು ಬರೆದುಕೊಟ್ಟಿತು; ಮೂಲವನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ ಅದನ್ನು ಹೊಸದಾಗಿ ರಚಿಸಿತು. ನಕಲೆನ್ನಲು ಕೋರ್ಟಿಗೂ ಎಡೆಯಿರಲಿಲ್ಲ.

ಆಮೇಲೆ ಇಂಥ ತದ್ರೂಪಿಗಳು ಹಿಂಡಾಗಿ ಬಂದವು. ಯಾವುದು ಐಬಿಎಮ್ಮಿಗೆ ಸರಿಸಮ ಎಂದು ತಿಳಿಯಲು ಅದರ ಮೇಲೆ ಎರಡು ಪ್ರೋಗ್ರಾಮ್ ಓಡಿಸಿ ನೋಡುವ ರೂಢಿ ಬೆಳೆಯಿತು. ಒಂದು, ಲೆಕ್ಕಪತ್ರದ ಲೋಟಸ್ 1-2-3. ಇನ್ನೊಂದು ವಿಮಾನ ಹಾರಿಸುವ ಆಟ, ಫ್ಲೈಟ್ ಸಿಮ್ಯುಲೇಟರ್.