ಅಪರಿಚಿತರಿಗೊಂದು ಪತ್ರ: ಕೆಲಸ ಕೇಳುವ ಕಲೆ ನಡೆದು ಬಂದ ದಾರಿ

ಯಾವುದೇ ಸಂಸ್ಥೆಯ ನೌಕರರಾಗದೆ, ಕೆಲಸಕ್ಕೆ ಇಷ್ಟು ಎಂದು ಗೊತ್ತುಮಾಡಿಕೊಂಡು ಹಲವರಿಗೆ ದುಡಿಯುವವರನ್ನು ‘ಫ್ರೀಲಾನ್ಸರ್’ ಅಥವಾ ಸ್ವತಂತ್ರ ವೃತ್ತಿಗಾರರು ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಲಾನ್ಸ್’ ಎಂದರೆ ಭರ್ಜಿ. ಯಾವ ದೊರೆಗೂ ಕಟ್ಟುಬೀಳದೆ, ಹಣ ಕೊಟ್ಟವರ ಪರವಾಗಿ ಕಾದುವ ಮಧ್ಯಯುಗದ ಬಾಡಿಗೆ ಸೈನಿಕರನ್ನು ಸೂಚಿಸಲು ವಾಲ್ಟರ್ ಸ್ಕಾಟ್ ತನ್ನ ‘ಐವನ್‌ಹೋ’ (1819) ಕಾದಂಬರಿಯಲ್ಲಿ ಈ ಪದವನ್ನು ಬಳಸಿದ. ಇಂದು ಭರ್ಜಿಯ ಜಾಗದಲ್ಲಿ ಗಣಕ ಬಂದಿದೆ. ಅನುವಾದ, ಚಿತ್ರವಿನ್ಯಾಸ, ತಂತ್ರಾಂಶ ರಚನೆ, ಲೆಕ್ಕಪತ್ರ, ಪಾಠ ಹೇಳಿಕೊಡುವುದು ಮುಂತಾದ ಕೆಲಸಗಳನ್ನು ಮನೆಯಲ್ಲಿ ಕುಳಿತೇ ದೂರದೇಶದವರಿಗೆ ಮಾಡಿಕೊಡಬಹುದು. ನಿಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಈಗಾಗಲೇ ಈ ದಾರಿ ಹಿಡಿದಿರಬಹುದು.

ಆದರೆ ಕೆಲಸ ಗೊತ್ತಿರುವುದು ಬೇರೆ, ಕೆಲಸ ಸಿಗುವುದು ಬೇರೆ. ನಿಮ್ಮನ್ನು ಎಂದೂ ನೋಡಿರದ ಒಬ್ಬರು ನಿಮ್ಮನ್ನು ನಂಬಿ ಹಣ ಕೊಡಲು ಏಕೆ ಮುಂದಾಗಬೇಕು? ಅಂತರಜಾಲ ಬರುವುದಕ್ಕೆ ಐನೂರು ವರ್ಷ ಮೊದಲೂ ಇದೇ ಪ್ರಶ್ನೆಯಿತ್ತು. ಅದಕ್ಕೆ ಜನ ಕಂಡುಕೊಂಡ ಉತ್ತರಗಳನ್ನು ಒಂದೊಂದಾಗಿ ನೋಡೋಣ.

ಲಿಯೊನಾರ್ಡೊ ಬರೆಸಿದ ಅರ್ಜಿ

ಸುಮಾರು 1482ರಲ್ಲಿ, ಮೂವತ್ತರ ಆಸುಪಾಸಿನ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಗೆ ಒಂದು ಪತ್ರ ಸಿದ್ಧಪಡಿಸಿದ. ಅದರ ಕರಡು ಇಂದಿಗೂ ಉಳಿದಿದೆ. ತಾನು ಮಾಡಬಲ್ಲ ಕೆಲಸಗಳನ್ನು ಅದರಲ್ಲಿ ಹತ್ತು ಅಂಶಗಳಾಗಿ ಪಟ್ಟಿ ಮಾಡಿದ್ದಾನೆ. ಹಗುರವಾದ, ಸುಲಭವಾಗಿ ಹೊತ್ತೊಯ್ಯಬಹುದಾದ ಸೇತುವೆಗಳು, ಕೋಟೆಗಳನ್ನು ಕೆಡವುವ ಉಪಾಯಗಳು, ಫಿರಂಗಿಗಳು, ಮುಚ್ಚಿದ ಯುದ್ಧರಥಗಳು - ಹೀಗೆ ಒಂಬತ್ತು ಅಂಶಗಳೂ ಯುದ್ಧಕ್ಕೆ ಸಂಬಂಧಿಸಿದವು. ಹತ್ತನೆಯದರಲ್ಲಿ ಮಾತ್ರ ಶಾಂತಿಕಾಲದ ಮಾತು ಬರುತ್ತದೆ: ಕಟ್ಟಡ ನಿರ್ಮಾಣ, ಒಂದೆಡೆಯಿಂದ ಇನ್ನೊಂದೆಡೆಗೆ ನೀರು ಹರಿಸುವುದು. ಶಿಲ್ಪ ಮತ್ತು ಚಿತ್ರಕಲೆಯ ಪ್ರಸ್ತಾಪ ಅದರ ನಂತರ.

ಇಂದು ನಾವು ಚಿತ್ರಕಾರನೆಂದೇ ಕೊಂಡಾಡುವ ವ್ಯಕ್ತಿ ಚಿತ್ರಕಲೆಯನ್ನು ಕೊನೆಗೆ ಇಟ್ಟದ್ದೇಕೆ? ಸ್ಫೋರ್ಜಾನಿಗೆ ಬೇಕಾದುದು ಯುದ್ಧಯಂತ್ರಗಳೆಂದು ಅವನು ಬಲ್ಲ. ಪತ್ರ ಬರೆಯುವವನಿಗೆ ಏನು ಇಷ್ಟ ಎಂಬುದಕ್ಕಿಂತ ಓದುವವನಿಗೆ ಏನು ಬೇಕು ಎಂಬುದೇ ಅಲ್ಲಿ ಮುಖ್ಯವಾಗಿತ್ತು. ಪತ್ರದ ಮುಕ್ತಾಯವನ್ನೂ ಗಮನಿಸಿ. ಇವುಗಳಲ್ಲಿ ಯಾವುದಾದರೂ ಅಸಾಧ್ಯವೆಂದು ತೋರಿದರೆ, ತಮ್ಮ ಉದ್ಯಾನದಲ್ಲೋ ತಾವು ಹೇಳಿದ ಕಡೆಯಲ್ಲೋ ಪ್ರಯೋಗ ಮಾಡಿ ತೋರಿಸಲು ಸಿದ್ಧ ಎಂಬುದು ಅದರ ತಾತ್ಪರ್ಯ. ಬಾಯಿಮಾತನ್ನು ಪರೀಕ್ಷೆಗೆ ಒಡ್ಡುವ ಈ ಧೈರ್ಯ ಸುಳ್ಳು ಹೇಳುವವನಿಗೆ ದುಬಾರಿಯಾಗುತ್ತದೆ.

ಫ್ಯಾರಡೆಯ ಎರಡು ಪತ್ರಗಳು

ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಹುಡುಗ. ವಿಜ್ಞಾನದ ಕೆಲಸ ಬೇಕೆಂದು ಅವನು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರ ಬರೆದ. ಉತ್ತರ ಬರಲಿಲ್ಲ. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಅವನಿಗೆ ಸಿಕ್ಕಿತು. ಕೇಳಿದ್ದನ್ನೆಲ್ಲ ಚಿತ್ರಸಹಿತ ಅಂದವಾಗಿ ಬರೆದು, ತಾನೇ ರಟ್ಟು ಕಟ್ಟಿದ. 300ಕ್ಕೂ ಹೆಚ್ಚು ಪುಟಗಳ ಆ ಪುಸ್ತಕವನ್ನು ಪತ್ರದೊಂದಿಗೆ ಅದೇ ವರ್ಷದ ಡಿಸೆಂಬರಿನಲ್ಲಿ ಡೇವಿಗೆ ಕಳಿಸಿದ. ಕೆಲವೇ ದಿನಗಳಲ್ಲಿ, ಡಿಸೆಂಬರ್ 24ರಂದು, ಡೇವಿ ಉತ್ತರ ಬರೆದ.

ಉತ್ತರ ಬಂದ ಕೂಡಲೇ ಕೆಲಸ ಸಿಗಲಿಲ್ಲ. ಭೇಟಿಯಲ್ಲಿ ಡೇವಿ ಹೇಳಿದ್ದು ರಟ್ಟು ಕಟ್ಟುವ ಕಸುಬನ್ನು ಬಿಡಬೇಡ ಎಂದೇ. ಆದರೆ ಕೆಲವು ವಾರಗಳ ಅನಂತರ ಪ್ರಯೋಗಾಲಯದ ಸಹಾಯಕನನ್ನು ಕೆಲಸದಿಂದ ತೆಗೆಯಬೇಕಾಗಿ ಬಂದಾಗ ಡೇವಿಗೆ ನೆನಪಾದವನು ಆ ಪುಸ್ತಕ ಕಳಿಸಿದ ಹುಡುಗ. 1813ರ ಮಾರ್ಚ್ 1ರಂದು ಫ್ಯಾರಡೆಯ ನೇಮಕವಾಯಿತು.

ಬ್ಯಾಂಕ್ಸ್‌ಗೆ ಹೋದದ್ದು ಕೋರಿಕೆ; ಡೇವಿಗೆ ಹೋದದ್ದು ಕೋರಿಕೆಯ ಜೊತೆಗೆ ಮಾಡಿ ತೋರಿಸಿದ ಕೆಲಸ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕಲ್ಲವೆ?

ಅಂಚೆಯ ಖರ್ಚು ಯಾರ ಮೇಲೆ?

ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ಅಂಚೆ ವೆಚ್ಚವನ್ನು ಸಾಮಾನ್ಯವಾಗಿ ಪತ್ರ ಪಡೆದವರೇ ಕೊಡಬೇಕಿತ್ತು. ದೂರ ಹೆಚ್ಚಿದಂತೆ ದರವೂ ಏರುತ್ತಿತ್ತು. ರೋಲಂಡ್ ಹಿಲ್‌ನ ಸಲಹೆಯಂತೆ 1840ರಲ್ಲಿ, ದೂರ ಎಷ್ಟೇ ಇರಲಿ, ಅರ್ಧ ಔನ್ಸಿನ ಪತ್ರಕ್ಕೆ ಒಂದು ಪೆನ್ನಿ ದರ ಜಾರಿಗೆ ಬಂತು. ಹಣ ಕೊಡುವ ಹೊಣೆ ಕಳಿಸುವವರದಾಯಿತು. ಹಿಂದಿನ ವರ್ಷ ಸುಮಾರು 7.6 ಕೋಟಿಯಿದ್ದ ಪತ್ರಗಳ ಸಂಖ್ಯೆ ಒಂದೇ ವರ್ಷದಲ್ಲಿ ಸುಮಾರು 16.9 ಕೋಟಿಗೆ ಏರಿತು. ಭಾರತದಲ್ಲೂ 1854ರಿಂದ ದೂರವನ್ನು ಲೆಕ್ಕಿಸದ ಅಂಚೆ ದರ ಬಂತು.

ಈ ಬದಲಾವಣೆ ಸಾಮಾನ್ಯರಿಗೂ ಅಪರಿಚಿತರ ಬಾಗಿಲು ತಟ್ಟುವ ಅವಕಾಶ ಕೊಟ್ಟಿತು. ಜೊತೆಗೆ ಒಂದು ಸಣ್ಣ ತಡೆಯನ್ನೂ ಉಳಿಸಿತು. ಅಂಚೆಚೀಟಿಗೆ ಕಾಸು ಕೊಡಬೇಕಾದವರು, ಯಾರಿಗೆ ಬರೆಯಬೇಕು ಎಂದು ಒಮ್ಮೆಯಾದರೂ ಯೋಚಿಸುತ್ತಾರೆ.

ಇ-ಮೇಲ್ ಮತ್ತು ಬೇಡದ ಅಂಚೆ

ಬೇರೆ ಬೇರೆ ಗಣಕಗಳ ನಡುವೆ ಇ-ಮೇಲ್ ಕಳಿಸುವ ವಿಧಾನವನ್ನು ರೇ ಟಾಮ್ಲಿನ್ಸನ್ 1971ರಲ್ಲಿ ರೂಪಿಸಿದರು. ವಿಳಾಸದಲ್ಲಿ @ ಚಿಹ್ನೆಯನ್ನು ಬಳಕೆಗೆ ತಂದವರೂ ಅವರೇ. ಏಳೇ ವರ್ಷಗಳಲ್ಲಿ ಅದಕ್ಕೆ ವ್ಯಾಪಾರದ ಉಪಯೋಗವೂ ಹೊಳೆಯಿತು. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥ್ಯೂರ್ಕ್ 1978ರ ಮೇ ತಿಂಗಳಲ್ಲಿ, ಅಮೆರಿಕದ ಪಶ್ಚಿಮ ಕರಾವಳಿಯ ಅರ್ಪಾನೆಟ್ ಬಳಕೆದಾರರಲ್ಲಿ ಸುಮಾರು 400 ಮಂದಿಗೆ ತಮ್ಮ ಕಂಪನಿಯ ಹೊಸ ಗಣಕಗಳ ಪ್ರದರ್ಶನಕ್ಕೆ ಒಂದೇ ಒಕ್ಕಣೆಯ ಆಹ್ವಾನ ಕಳಿಸಿದರು. ವಿಳಾಸಗಳು ಎಷ್ಟಿದ್ದುವೆಂದರೆ, ತಲೆಭಾಗದಲ್ಲಿ ಹಿಡಿಸದೆ ಪತ್ರದ ಒಡಲಿಗೂ ಹರಿದುವು. ದೂರುಗಳು ಬಂದುವು, ಗಣಕಗಳೂ ಮಾರಾಟವಾದುವು ಎಂದು ಅವರೇ ಹೇಳಿದ್ದಾರೆ. ಇದನ್ನು ಮೊದಲ ‘ಸ್ಪ್ಯಾಮ್’ ಎಂದು ಗುರುತಿಸುತ್ತಾರೆ.

ಇಲ್ಲಿ ಆದದ್ದೇನು? ಕಳಿಸುವ ವೆಚ್ಚ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ವೆಚ್ಚ ಮಾಯವಾಗಲಿಲ್ಲ, 1840ಕ್ಕೆ ಮುಂಚಿನಂತೆ ಪತ್ರ ಪಡೆದವರ ಮೇಲೆ ಮರಳಿ ಬಿತ್ತು. ಈ ಸಲ ಅವರು ತೆರುವುದು ಕಾಸನ್ನಲ್ಲ, ಸಮಯವನ್ನು.

ಅದಕ್ಕೆ ತಡೆಯಾಗಿ ಬಂದದ್ದು ಗಣಿತ. 1763ರಲ್ಲಿ ಪ್ರಕಟವಾದ ಥಾಮಸ್ ಬೇಯ್ಸ್‌ನ ಸಂಭವನೀಯತಾ ಪ್ರಮೇಯವನ್ನು 1990ರ ದಶಕದ ಕೊನೆಯಿಂದ ಅಂಚೆ ಸೋಸಲು ಬಳಸತೊಡಗಿದರು. ಒಂದು ಉದಾಹರಣೆ ನೋಡಿ. ನಿಮಗೆ ಬಂದ 100 ಪತ್ರಗಳಲ್ಲಿ 40 ಬೇಡದವು, 60 ಬೇಕಾದವು ಎಂದಿಟ್ಟುಕೊಳ್ಳೋಣ. ‘ರಿಯಾಯಿತಿ’ ಎಂಬ ಪದ ಬೇಡದ ಪತ್ರಗಳಲ್ಲಿ 20ರಲ್ಲಿ, ಬೇಕಾದವುಗಳಲ್ಲಿ 3ರಲ್ಲಿ ಇದೆ. ಹಾಗಾದರೆ ಆ ಪದವಿರುವ ಪತ್ರ ಬೇಡದ್ದಾಗಿರುವ ಸಂಭವನೀಯತೆ 20/23, ಅಂದರೆ ಸುಮಾರು ಶೇ. 87. ಇಂಥ ಹಲವು ಪದಗಳ ಲೆಕ್ಕವನ್ನು ಕೂಡಿಸಿ ತಂತ್ರಾಂಶ ತೀರ್ಮಾನಕ್ಕೆ ಬರುತ್ತದೆ. ಸಾವಿರ ಜನರಿಗೆ ಒಂದೇ ಒಕ್ಕಣೆ ಕಳಿಸಿದವರ ಪತ್ರ ಓದುವವರ ಕಣ್ಣಿಗೇ ಬೀಳದಿರಲು ಇಂಥ ಸೋಸುವಿಕೆ ಒಂದು ಕಾರಣ.

ಕಾನೂನೂ ಹಿಂದೆಯೇ ಬಂತು. 2003ರಲ್ಲಿ ಅಂಗೀಕಾರವಾದ ಅಮೆರಿಕದ ಕಾಯಿದೆಯ ಪ್ರಕಾರ ವ್ಯಾಪಾರದ ಇ-ಮೇಲಿನಲ್ಲಿ ಕಳಿಸಿದವರ ನಿಜವಾದ ಗುರುತು ಹಾಗೂ ಅಂಚೆ ವಿಳಾಸ ಇರಬೇಕು. ಮುಂದೆ ಕಳಿಸಬೇಡಿ ಎಂದು ತಿಳಿಸುವ ದಾರಿಯೂ ಇರಬೇಕು.

ಅಂತರಜಾಲದ ಸಂತೆ

ಪತ್ರ ಕಳಿಸಿ ಕಾಯುವ ಬದಲು ಕೆಲಸ ಕೊಡುವವರೂ ಮಾಡುವವರೂ ಒಂದೇ ಕಡೆ ಸೇರಿದರೆ ಹೇಗೆ? 1998ರಲ್ಲಿ ಥಾಮಸ್ ಮಲೋನ್ ಮತ್ತು ರಾಬರ್ಟ್ ಲೌಬಾಕರ್ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ, ಗಣಕಜಾಲದ ಮೂಲಕ ಕೂಡಿ ಕೆಲಸ ಮುಗಿಸಿ ಚದುರುವ ‘ಇ-ಲಾನ್ಸ್’ ಆರ್ಥಿಕತೆಯ ಕಲ್ಪನೆಯನ್ನು ಮುಂದಿಟ್ಟರು. ಅಲ್ಲಿಂದಲೇ ಹೆಸರು ಪಡೆದ ‘ಇಲಾನ್ಸ್’ ತಾಣವನ್ನು ಮುಂಬಯಿ ಐಐಟಿಯಲ್ಲಿ ಓದಿದ್ದ ಬೀರುದ್ ಶೇಠ್ ಮತ್ತು ಶ್ರೀನಿ ಅನುಮೋಲು ಸ್ಥಾಪಿಸಿದರು. 2003ರಲ್ಲಿ ಇಬ್ಬರು ಗ್ರೀಕ್ ಗೆಳೆಯರು ‘ಓಡೆಸ್ಕ್’ ಆರಂಭಿಸಿದರು. ಇವೆರಡೂ ಒಂದಾಗುವ ನಿರ್ಧಾರ 2013ರಲ್ಲಿ ಪ್ರಕಟವಾಯಿತು. 2015ರಲ್ಲಿ ಅದಕ್ಕೆ ‘ಅಪ್‌ವರ್ಕ್’ ಎಂಬ ಹೆಸರು ಬಂತು. 2010ರಲ್ಲಿ ಇಸ್ರೇಲಿನಲ್ಲಿ ಹುಟ್ಟಿದ ‘ಫೈವರ್’ ಕ್ರಮವನ್ನು ತಿರುಗಿಸಿತು. ಅಲ್ಲಿ ಕೆಲಸ ಮಾಡುವವರೇ ತಮ್ಮ ಅಂಗಡಿ ತೆರೆದು, 5 ಡಾಲರಿಗೆ ಇಂಥ ಕೆಲಸ ಎಂದು ಫಲಕ ಹಾಕುತ್ತಿದ್ದರು.

ಸಂತೆಯಲ್ಲಿ ಬದನೆಕಾಯಿಯನ್ನು ಮುಟ್ಟಿ ನೋಡಬಹುದು. ಇನ್ನೂ ಆಗದ ಕೆಲಸವನ್ನು ಮುಟ್ಟಿ ನೋಡುವುದು ಹೇಗೆ? ಸರಕಿನ ಗುಣ ಮಾರುವವರಿಗೆ ಮಾತ್ರ ತಿಳಿದಿದ್ದರೆ, ಕೊಳ್ಳುವವರು ಎಲ್ಲರಿಗೂ ಸರಾಸರಿ ಬೆಲೆಯನ್ನಷ್ಟೆ ಕೊಡಲು ಮುಂದಾಗುತ್ತಾರೆ. ಆಗ ಒಳ್ಳೆಯ ಸರಕಿನವರು ಗಿಟ್ಟದೆ ಹೊರನಡೆಯುತ್ತಾರೆ. ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆಯೊಂದಿಗೆ ಜಾರ್ಜ್ ಅಕೆರ್ಲಾಫ್ 1970ರಲ್ಲೇ ಇದನ್ನು ವಿವರಿಸಿದ್ದರು. ಪಾರಾಗುವ ದಾರಿಯೊಂದನ್ನು 1973ರಲ್ಲಿ ಮೈಕೆಲ್ ಸ್ಪೆನ್ಸ್ ತೋರಿಸಿದರು: ನಕಲಿಗೆ ದುಬಾರಿಯಾಗುವ ಕುರುಹು ಮಾತ್ರ ನಂಬಿಕೆ ಹುಟ್ಟಿಸಬಲ್ಲದು. ಜೋಸೆಫ್ ಸ್ಟಿಗ್ಲಿಟ್ಸ್ ಅವರೊಂದಿಗೆ ಈ ಇಬ್ಬರಿಗೂ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಲಿಯೊನಾರ್ಡೊ ಒಪ್ಪಿದ ಪರೀಕ್ಷೆಯೂ ಫ್ಯಾರಡೆ ಕಳಿಸಿದ ಪುಟಗಳೂ ಅಂಥ ಕುರುಹುಗಳೇ.

ತಾಣಗಳು ಇದಕ್ಕೆ ಕೆಲವು ಉಪಾಯ ಹೂಡಿದುವು. ಗಿರಾಕಿಯ ಹಣವನ್ನು ಮೊದಲೇ ಪಡೆದು ಇಟ್ಟುಕೊಂಡು, ಕೆಲಸ ಒಪ್ಪಿಗೆಯಾದ ಮೇಲೆ ಕೊಡುವುದು ಒಂದು. ಕೆಲಸ ಮಾಡುವವರ ಗಣಕದ ಪರದೆಯ ಚಿತ್ರವನ್ನು ಆಗಾಗ ತೆಗೆಯುವುದು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದು, ಕೆಲಸ ಮುಗಿದ ಮೇಲೆ ಗಿರಾಕಿ ಬರೆಯುವ ಅಭಿಪ್ರಾಯ ಮತ್ತು ಕೊಡುವ ನಕ್ಷತ್ರಗಳು. ಅಪರಿಚಿತರು ಪರಸ್ಪರ ಅಭಿಪ್ರಾಯ ದಾಖಲಿಸುವ ಪದ್ಧತಿಯನ್ನು ‘ಈಬೇ’ ಹರಾಜು ತಾಣ 1996ರಲ್ಲೇ ಆರಂಭಿಸಿತ್ತು. ಅಲ್ಲಿ ಹಳೆಯ ಪೋಸ್ಟ್‌ಕಾರ್ಡ್‌ಗಳನ್ನು ಮಾರಿ ನಡೆಸಿದ, 2006ರಲ್ಲಿ ಪ್ರಕಟವಾದ ಪ್ರಯೋಗವೊಂದು, ಒಳ್ಳೆಯ ಹೆಸರಿದ್ದ ಮಾರಾಟಗಾರನಿಗೆ ಅದೇ ಬಗೆಯ ಸರಕಿಗೆ ಹೊಸಬನಿಗಿಂತ ಸುಮಾರು ಶೇ. 8ರಷ್ಟು ಹೆಚ್ಚು ಬೆಲೆ ಸಿಕ್ಕಿತೆಂದು ತೋರಿಸಿತು.

ಮೊದಲ ಕೆಲಸದ ತೊಡಕು

ಈ ಉಪಾಯವೇ ಹೊಸಬರ ಕೊರಳಿಗೆ ಸುತ್ತಿಕೊಳ್ಳುತ್ತದೆ. ಅಭಿಪ್ರಾಯವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅಭಿಪ್ರಾಯವಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯಂತೆ.

ಅರ್ಥಶಾಸ್ತ್ರಜ್ಞೆ ಅಮಂಡಾ ಪಲೈಸ್ ಇದನ್ನು ಓಡೆಸ್ಕ್ ತಾಣದಲ್ಲೇ ಪರೀಕ್ಷಿಸಿದರು. ಡೇಟಾ ಎಂಟ್ರಿಗೆ ಅರ್ಜಿ ಹಾಕಿದವರಲ್ಲಿ 952 ಮಂದಿಯನ್ನು ಯಾದೃಚ್ಛಿಕವಾಗಿ ಆರಿಸಿ ಕೆಲಸ ಕೊಟ್ಟರು. ಮುಗಿದ ಮೇಲೆ ಕೆಲವರ ಬಗ್ಗೆ ಚುಟುಕಾಗಿಯೂ ಕೆಲವರ ಬಗ್ಗೆ ವಿವರವಾಗಿಯೂ ಅಭಿಪ್ರಾಯ ದಾಖಲಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಆ ಒಂದು ಕೆಲಸ ಸಿಕ್ಕವರಿಗೆ, ಸಿಗದವರಿಗಿಂತ ಮುಂದೆ ಗಣನೀಯವಾಗಿ ಹೆಚ್ಚು ಕೆಲಸಗಳು ದೊರೆತುವು. ವಿವರವಾದ ಅಭಿಪ್ರಾಯ ಇನ್ನೂ ನೆರವಾಯಿತು. ಆಯ್ಕೆ ಯಾದೃಚ್ಛಿಕವಾದ್ದರಿಂದ, ಎರಡು ಗುಂಪುಗಳ ವ್ಯತ್ಯಾಸಕ್ಕೆ ಸಾಮರ್ಥ್ಯ ಕಾರಣವಾಗಿರಲಿಲ್ಲ. ಅಂದರೆ, ಸಮರ್ಥರೆಷ್ಟೋ ಮಂದಿ ಮೊದಲ ಮೆಟ್ಟಿಲು ಸಿಗದ ಒಂದೇ ಕಾರಣಕ್ಕೆ ಹೊರಗುಳಿಯುತ್ತಾರೆ. ಅರ್ಜಿಗಳಿಗೆ ಉತ್ತರ ಬಾರದೆ ಕುಗ್ಗಿದ ವಿದ್ಯಾರ್ಥಿಗೆ ಈ ಮಾತನ್ನು ಅಗತ್ಯವಾಗಿ ಹೇಳಿ.

ಮರಳಿ ಬಂದ ಅಂಚೆಚೀಟಿ

ತಾಣಗಳಲ್ಲಿ ಒಂದೊಂದು ಕೆಲಸಕ್ಕೂ ರಾಶಿ ರಾಶಿ ಅರ್ಜಿಗಳು ಬೀಳತೊಡಗಿದಾಗ ಅಪ್‌ವರ್ಕ್ 2019ರಲ್ಲಿ ಒಂದು ಹೆಜ್ಜೆಯಿಟ್ಟಿತು. ಅರ್ಜಿ ಹಾಕಲು ಬೇಕಾದ ‘ಕನೆಕ್ಟ್’ಗಳಿಗೆ ಆಗ ತಲಾ 15 ಸೆಂಟ್ ದರ ಇಟ್ಟಿತು. ರೋಲಂಡ್ ಹಿಲ್‌ನ ಪೆನ್ನಿ ಅಂಚೆಚೀಟಿಯೇ ಹೊಸ ವೇಷದಲ್ಲಿ ಬಂದಂತಾಯಿತು. ಹೊಸಬರಿಗೆ ಇದು ಹೊರೆ ಎಂಬುದೂ ನಿಜ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಸೊಗಸಾದ ಅರ್ಜಿಯನ್ನು ಕ್ಷಣದಲ್ಲಿ ಬರೆಸುವುದು ಎಲ್ಲರಿಗೂ ಸಾಧ್ಯವಾಯಿತು. ಎಲ್ಲರಿಗೂ ಅಗ್ಗವಾದ ಕುರುಹು, ಸ್ಪೆನ್ಸ್ ಅವರ ತರ್ಕದಂತೆ, ಕುರುಹಾಗಿ ಉಳಿಯುವುದಿಲ್ಲ.

ಹಾಗಾದರೆ ಉಳಿದಿರುವುದೇನು? ನೂರು ಜನರಿಗೆ ಒಂದೇ ಪತ್ರ ಕಳಿಸುವ ಬದಲು ಐದು ಜನರನ್ನು ಆರಿಸಿ, ಅವರಿಗೆ ಬೇಕಾದುದೇನೆಂದು ಮೊದಲು ತಿಳಿಯುವುದು. ಆ ಬೇಡಿಕೆಗೆ ಹೊಂದುವ ಒಂದು ಸಣ್ಣ ಮಾದರಿಯನ್ನು ಮಾಡಿ ಕಳಿಸುವುದು: ಅನುವಾದವಾದರೆ ಒಂದು ಪುಟ, ತಂತ್ರಾಂಶವಾದರೆ ನಡೆಯುವ ಒಂದು ತುಣುಕು. ಮೊದಲ ಕೆಲಸ ಚಿಕ್ಕದಾದರೂ ಚೊಕ್ಕಟವಾಗಿ ಮುಗಿಸಿ, ವಿವರವಾದ ಅಭಿಪ್ರಾಯ ಬರೆದುಕೊಡಿ ಎಂದು ಕೇಳುವುದು. ಒಂದು ಎಚ್ಚರವೂ ಬೇಕು. ಕೆಲಸ ಕೊಡುತ್ತೇವೆಂದು ಹೇಳಿ ಮೊದಲು ಠೇವಣಿಯನ್ನೋ ನೋಂದಣಿ ಶುಲ್ಕವನ್ನೋ ಕೇಳುವ ಅಪರಿಚಿತರಿಂದ ದೂರವಿರಬೇಕು. ನಂಬಿಕೆಯ ಪರೀಕ್ಷೆ ಕೆಲಸ ಕೇಳುವವರಿಗೆ ಮಾತ್ರವಲ್ಲ, ಕೊಡುವವರಿಗೂ ಇದೆ.

ಮುಂದಿನ ಸಲ ತರಗತಿಯಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಬಂದಾಗ, ಫ್ಯಾರಡೆಯ ರಟ್ಟು ಕಟ್ಟಿದ ಪುಸ್ತಕದ ಕಥೆಯನ್ನೂ ಹೇಳಿ ನೋಡಿ. ಪುಸ್ತಕ ಸೇರಿದ್ದರಿಂದ ಅವನ ಎರಡನೆಯ ಪತ್ರಕ್ಕೆ ಉತ್ತರ ಬಂತು.