ಕಾರಹುಣ್ಣಿಮೆಯ ಎಳೆ ಹೋರಿಗಳು

ಜ್ಯೇಷ್ಠ ಮಾಸದ ಹುಣ್ಣಿಮೆಯಾದ ಕಾರಹುಣ್ಣಿಮೆಯ ಹೊತ್ತಿಗೆ, ಮುಂಗಾರಿನ ಆರಂಭದಲ್ಲಿ, ಎಳೆ ಹೋರಿಗಳು ಓಟಕ್ಕೂ ಭಾರ ಎಳೆಯುವ ಪಂದ್ಯಕ್ಕೂ ಮೊದಲ ಸಲ ಇಳಿಯುತ್ತವೆ. ಕೃಷ್ಣಾ ಕಡೆಯ ದೇವದುರ್ಗ, ತುಂಗಭದ್ರೆಯ ಕಡೆಯ ಮಾನ್ವಿ ಸೀಮೆಗಳಲ್ಲಿ ಕಾರಹುಣ್ಣಿಮೆ ರೈತರ ದೊಡ್ಡ ಹಬ್ಬ. ಅಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಗೊಂಡೆ ಕಟ್ಟುತ್ತಾರೆ. ಸಂಜೆ ‘ಕರಿ ಹರಿಯುವುದು’ ಎಂಬ ಎತ್ತುಗಳ ಓಟ. ಬಿಳಿ ಎತ್ತು ಮುಂದಾದರೆ ಬಿಳಿಜೋಳದಂಥ ಬೆಳೆ ಚೆನ್ನಾಗಿ ಬರುತ್ತದೆಂಬುದು ನಂಬಿಕೆ.

ಇದೇ ಹೊತ್ತಿಗೆ ರಾಯಚೂರು ನಗರದಲ್ಲಿ ಮುನ್ನೂರುಕಾಪು ಸಮಾಜ ನಡೆಸುವ ಮುಂಗಾರು ಹಬ್ಬದಲ್ಲಿ ಟನ್ನುಗಟ್ಟಲೆ ತೂಕದ ಕಲ್ಲು ಎಳೆಯುವ ಸ್ಪರ್ಧೆಯೇ ಮುಖ್ಯ. ಆಂಧ್ರ, ತೆಲಂಗಾಣದ ಜೋಡಿಗಳೂ ಬರುತ್ತವೆ. ನಿಗದಿತ ಸಮಯದಲ್ಲಿ ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ.

ಹೋರಿಯ ವಯಸ್ಸು ತಿಳಿಯುವುದು ಬಾಯಿಂದ. ಕೆಳತುಟಿ ಸರಿಸಿ ನೋಡುತ್ತಾರೆ: ಹಾಲುಹಲ್ಲು ಮಾತ್ರ ಇದ್ದರೆ ಇನ್ನೂ ಕರು, ನಡುವೆ ಎರಡು ಅಗಲ ಹಲ್ಲು ಮೂಡಿದ್ದರೆ ಸುಮಾರು ಎರಡೂವರೆ ವರ್ಷ, ಎಂಟೂ ಬಂದರೆ ಬಾಯಿಗೂಡಿದ ಎತ್ತು. ಅಗಲ ಎದೆ, ನೇರ ಬೆನ್ನು, ಬಿಗಿಯಾದ ಕರಿ ಗೊರಸು ಒಳ್ಳೆಯ ಲಕ್ಷಣಗಳು. ಆದರೂ ಜೋಡಿ ಹೊಂದದಿದ್ದರೆ ಎಂಥ ಹೋರಿಯೂ ಗೆಲ್ಲದು. ಎಲುಬು ಬಲಿಯುವ ಮೊದಲೇ ಭಾರ ಹೇರುವುದು, ಚಾಟಿಯಿಂದ ಹೊಡೆಯುವುದು ಖಂಡಿತ ತಪ್ಪು.

ಇಂಥ ಓಟಗಳಿಗೆ ಕಾನೂನಿನ ಅಡ್ಡಿಯೂ ಬಂದಿತ್ತು: 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿನ ಓಟಗಳನ್ನು ನಿಷೇಧಿಸಿತ್ತು. ಕಂಬಳ ಮತ್ತು ಎತ್ತಿನ ಓಟಕ್ಕೆ ಅವಕಾಶ ಕೊಟ್ಟ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು 2023ರ ಮೇ 18ರಂದು ಅದೇ ನ್ಯಾಯಾಲಯ ಎತ್ತಿಹಿಡಿಯಿತು.